ಜಗಲಿಯಲ್ಲಿ ಹೇಳದ ಕಾಯಿಲೆ

ಲೋಕದಲ್ಲಿ ವ್ಯಾಧಿಗಳು ಎರಡು ಬಗೆ. ಜಗಲಿಯ ಮೇಲೆ ಕುಳಿತು ನಾಲ್ವರೆದುರಿಗೆ ಹೇಳಿಕೊಳ್ಳತಕ್ಕವು ಕೆಲವು. ಬಚ್ಚಲ ಬಾಗಿಲನ್ನು ಮುಚ್ಚಿಕೊಂಡ ಮೇಲೆ ಒಬ್ಬಂಟಿಗರಾಗಿ ಅನುಭವಿಸತಕ್ಕವು ಕೆಲವು. ಮಂಡಿನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂತಾದವು ಮೊದಲನೆಯ ವರ್ಗಕ್ಕೆ ಸೇರಿದವು. ಇವುಗಳಿಗೆ ಸಮಾಜದಲ್ಲಿ ಒಂದು ಮರ್ಯಾದೆಯೂ ಉಂಟು. ನೆರೆಯವರು ಬಂದು ವಿಚಾರಿಸುವರು, ತಮ್ಮ ತಮ್ಮ ಮದ್ದುಗಳನ್ನು ಹೇಳುವರು, ಕಾಫಿ ಕುಡಿದು ಹೋಗುವರು. ಎರಡನೆಯ ವರ್ಗದ ರೋಗಿಗೆ ಈ ಯಾವ ಸೌಭಾಗ್ಯವೂ ಇಲ್ಲ. ಅವನ ರೋಗವು ಅರ್ಧ, ಅವನ ನಾಚಿಕೆಯು ಇನ್ನರ್ಧ. ನಾವು ಏಳು ತಿಂಗಳ ಕಾಲ ಈ ಎರಡನೆಯ ವರ್ಗದಲ್ಲಿ ಇದ್ದೆವು. ಆ ಏಳು ತಿಂಗಳುಗಳಲ್ಲಿ ರೋಗವು ಮಾಡಿದ ಕೇಡಿಗಿಂತ ನಮ್ಮ ಮೌನವು ಮಾಡಿದ ಕೇಡೇ ಹೆಚ್ಚೆಂಬುದು ಈಗ ನಮಗೆ ತಿಳಿದಿರುವುದರಿಂದ, ಸಂಕೋಚವನ್ನು ಬದಿಗಿರಿಸಿ ಈ ಲೇಖನವನ್ನು ಬರೆಯುತ್ತಿರುವೆವು. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ವಾಚಕರು ಹುಬ್ಬೇರಿಸಬಾರದು. ಮನೆಮಂದಿಗೆ ಬರುವ ಕಾಯಿಲೆಯನ್ನು ಮನೆಮಂದಿಯಲ್ಲದೆ ಮತ್ತಾರು ಓದಬೇಕು?

೨೦೨೩ನೆಯ ಇಸವಿಯ ಆಷಾಢ ಮಾಸ. ಬಸರೂರಿನಲ್ಲಿ ಮಳೆ ಹಿಡಿದರೆ ಬಿಡುವ ಕಾಲವಲ್ಲ. ನಾವು ಶಾಲೆಯಿಂದ ನಿವೃತ್ತರಾಗಿ ಆಗಿನ್ನೂ ಕೆಲವೇ ತಿಂಗಳಾಗಿದ್ದವು. ಆ ದಿನಗಳಲ್ಲಿ ನಮಗೆ ಮೂತ್ರದಲ್ಲಿ ಉರಿ ತೋರಿತು. ಗಳಿಗೆಗೊಮ್ಮೆ ಹೋಗಬೇಕೆನಿಸುವುದು, ಹೋದರೆ ನಾಲ್ಕು ಹನಿ. ಮೂವತ್ತು ವರುಷ ಹುಡುಗರಿಗೆ ಸಂಸ್ಕೃತವನ್ನು ಹೇಳಿಕೊಟ್ಟವರಿಗೆ ಒಂದು ದೋಷವುಂಟು. ವಸ್ತುವಿನ ಹೆಸರು ಗೊತ್ತಾದರೆ ವಸ್ತುವೇ ಗೊತ್ತಾಯಿತೆಂದು ಅವರು ಭಾವಿಸುವರು. ಆಯುರ್ವೇದ ಗ್ರಂಥಗಳಲ್ಲಿ ಮೂತ್ರಕೃಚ್ಛ್ರವು ಎಂಟು ಬಗೆಯೆಂದು ಓದಿದ್ದೆವು. ನಮ್ಮದು ಪಿತ್ತದ ಬಗೆಯೆಂದು ನಾವೇ ತೀರ್ಮಾನಿಸಿದೆವು. ಎಳನೀರು ಕುಡಿದೆವು, ಬಾರ್ಲಿಯ ಗಂಜಿ ಕುಡಿದೆವು, ಜೀರಿಗೆಯ ಕಷಾಯವನ್ನೂ ನೆಗ್ಗಿಲಮುಳ್ಳಿನ ಕಷಾಯವನ್ನೂ ಕುಡಿದೆವು. ಇವುಗಳಿಂದ ಕೇಡಾಗಲಿಲ್ಲ, ಗುಣವೂ ಆಗಲಿಲ್ಲ.

ಜ್ವರ ಬಂದ ಮೇಲೆ ಕುಂದಾಪುರದ ವೈದ್ಯರ ಬಳಿಗೆ ಹೋದೆವು. ಅವರು ಮೂತ್ರವನ್ನು ಪರೀಕ್ಷಿಸಿ, ಸೋಂಕು ತಗಲಿದೆಯೆಂದು ಆಂಟಿಬಯೋಟಿಕ್ ಮಾತ್ರೆಗಳನ್ನು ಕೊಟ್ಟರು. ಐದನೆಯ ದಿನಕ್ಕೆ ಉರಿ ಹೋಯಿತು. ಇಪ್ಪತ್ತನೆಯ ದಿನಕ್ಕೆ ಮರಳಿ ಬಂದಿತು. ಮತ್ತೆ ಮಾತ್ರೆ, ಮತ್ತೆ ಗುಣ, ಮತ್ತೆ ಉರಿ. ಹೀಗೆ ದೀಪಾವಳಿಯೊಳಗೆ ನಾಲ್ಕು ಸಲ ಆಯಿತು. ಇಲ್ಲಿ ವೈದ್ಯರನ್ನು ದೂರುವ ಹಕ್ಕು ನಮಗಿಲ್ಲ. ಏಕೆಂದರೆ ನವರಾತ್ರಿಯ ಹೊತ್ತಿಗೆ ಹೊಸದೊಂದು ಲಕ್ಷಣವು ತೋರಿದ್ದಿತು, ಅದನ್ನು ನಾವು ಅವರಿಗೆ ಹೇಳಿರಲಿಲ್ಲ. ಮೂತ್ರವು ಮುಗಿಯುವ ಹೊತ್ತಿಗೆ ಅದರೊಡನೆ ಗಾಳಿಯು ಹೊರಡುತ್ತಿದ್ದಿತು; ಸಣ್ಣ ಸದ್ದಿನೊಡನೆ ಗುಳ್ಳೆಗಳು ಬರುತ್ತಿದ್ದವು. ಅರುವತ್ತು ವರುಷದ ಗೃಹಸ್ಥನು, ಊರಿನ ಅರ್ಧ ಮಂದಿಗೆ ಅಕ್ಷರ ಕಲಿಸಿದವನು, ವೈದ್ಯನ ಮುಂದೆ ಕುಳಿತು ಇದನ್ನು ಹೇಗೆ ಹೇಳಬೇಕು? ಉರಿಯೆಂದು ಹೇಳಿದೆವು, ಗಾಳಿಯೆಂದು ಹೇಳಲಿಲ್ಲ.

ಧನುರ್ಮಾಸದಲ್ಲಿ ಮೂತ್ರವು ಕದಡಿತು. ಅದಕ್ಕೆ ಇರಬಾರದ ವಾಸನೆ ಬಂದಿತು. ಒಂದು ಬೆಳಿಗ್ಗೆ ಅದರಲ್ಲಿ ಏನು ಬಂದಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲವು ಹೋಗಬೇಕಾದ ದಾರಿಯನ್ನು ಬಿಟ್ಟು ಬೇರೊಂದು ದಾರಿಯಲ್ಲಿ ಬರುತ್ತಿರುವುದೆಂದು ನಮಗೆ ಅರ್ಥವಾಯಿತು. ಅಂದಿನಿಂದ ನಾವು ದೇವರ ಕೋಣೆಯ ಹೊಸ್ತಿಲನ್ನು ದಾಟಲಿಲ್ಲ. ಸೊಂಟನೋವೆಂದು ಹೇಳಿ ಪೂಜೆಗೆ ನೆರೆಮನೆಯ ಹುಡುಗನನ್ನು ಗೊತ್ತುಮಾಡಿದೆವು. ಮಹಾಲಿಂಗೇಶ್ವರ ದೇವಸ್ಥಾನಕ್ಕೆ ಹೋಗುವುದನ್ನು ಬಿಟ್ಟೆವು. ಮದುವೆ ಮುಂಜಿಗಳ ಕರೆ ಬಂದರೆ ಮನೆಯವರನ್ನು ಮಾತ್ರ ಕಳುಹಿಸಿದೆವು.

ಮಕರ ಸಂಕ್ರಾಂತಿಯ ದಿನ ಮನೆಯವರು ನಮ್ಮೆದುರಿಗೆ ಬಂದು ನಿಂತರು. “ನಿಮಗೆ ಎಂತ ಆಗಿದೆ, ಹೇಳಿ. ಸೊಂಟನೋವು ಇದ್ದವರು ಬಾವಿಯಿಂದ ನೀರು ಸೇದುವುದಿಲ್ಲ. ದಿನಕ್ಕೆ ಮೂರು ಸಲ ಪಂಚೆ ಒಗೆಯುವುದನ್ನು ನಾನು ನೋಡುವುದಿಲ್ಲವೆಂದು ತಿಳಿದಿದ್ದೀರಾ?” ಎಂದರು. ನಾವು ಹೇಳಿದೆವು. ಅವರು ಅಳಲಿಲ್ಲ, ಮುಖವನ್ನು ಸಿಂಡರಿಸಲೂ ಇಲ್ಲ. “ಇಷ್ಟೇಯಾ? ನಾಳೆ ಬೆಳಿಗ್ಗೆ ಕುಂದಾಪುರಕ್ಕೆ ಹೋಗುವ. ನೀವು ಹೇಳದಿದ್ದರೆ ನಾನು ಹೇಳುತ್ತೇನೆ” ಎಂದು ಒಳಗೆ ಹೋದರು.

ಗಾಳಿಯ ಮಾತನ್ನು ಕೇಳಿದ ಕೂಡಲೆ ವೈದ್ಯರು ತಮ್ಮ ಲೇಖನಿಯನ್ನು ಕೆಳಗಿಟ್ಟರು. “ಮಾಸ್ಟ್ರೇ, ಈ ಒಂದು ಮಾತನ್ನು ಮೂರು ತಿಂಗಳ ಹಿಂದೆ ಹೇಳಿದ್ದರೆ ಇಷ್ಟು ಮಾತ್ರೆ ನುಂಗಬೇಕಾಗಿರಲಿಲ್ಲ” ಎಂದರು. ಮೂತ್ರದೊಡನೆ ಗಾಳಿ ಬರುವುದು, ಇತ್ತೀಚೆಗೆ ಮೂತ್ರನಾಳದಲ್ಲಿ ಕೊಳವೆ ಹಾಕಿಸಿಕೊಂಡಿರದ ಮನುಷ್ಯನಲ್ಲಿ, ಬಹುಮಟ್ಟಿಗೆ ಒಂದೇ ಕಡೆಗೆ ಕೈತೋರಿಸುವುದಂತೆ. ಕರುಳಿಗೂ ಮೂತ್ರಾಶಯಕ್ಕೂ ನಡುವೆ ಒಂದು ಕಂಡಿ ಬಿದ್ದಿರಬೇಕು. ಇದಕ್ಕೆ ಅವರು ಫಿಸ್ಟುಲಾ ಎಂದರು. ಮನೆಗೆ ಬಂದು ನೋಡಿದರೆ ಆ ಲ್ಯಾಟಿನ್ ಮಾತಿಗೆ ಕೊಳವೆಯೆಂದೇ ಅರ್ಥ. ನಮ್ಮ ಪ್ರಾಚೀನರು ಇಂಥ ಹುಣ್ಣನ್ನು ನಾಡೀವ್ರಣವೆಂದರು, ನಾಡಿಯೆಂದರೂ ಟೊಳ್ಳಾದ ದಂಟು, ಕೊಳವೆ. ಎರಡು ಬೇರೆ ಬೇರೆ ಜನಾಂಗಗಳು ಒಂದೇ ಉಪಮಾನವನ್ನು ಹಿಡಿದುವು.

ಇದರ ಸ್ವರೂಪವನ್ನು ನಮಗೆ ಸರಿಯಾಗಿ ತಿಳಿಯಪಡಿಸಿದವರು ಮಾತ್ರ ವೈದ್ಯರಲ್ಲ, ನಮ್ಮ ಗದ್ದೆಯ ಕೆಲಸವನ್ನು ನೋಡಿಕೊಳ್ಳುವ ಮುದುಕರು. ನಮ್ಮೂರಿನ ಬಳಿ ವಾರಾಹಿ ಹೊಳೆಯಲ್ಲಿ ಕಡಲ ಉಬ್ಬರದ ಉಪ್ಪುನೀರು ಏರಿ ಬರುವುದು. ಹೊಳೆಗೂ ಗದ್ದೆಗೂ ನಡುವೆ ಮಣ್ಣಿನ ಕಟ್ಟವಿರುವುದು. ಆ ಕಟ್ಟದಲ್ಲಿ ಏಡಿಯೊಂದು ಬಿಲ ತೋಡಿದರೆ ಸಾಕು, ಉಬ್ಬರದ ಹೊತ್ತಿಗೆ ಉಪ್ಪುನೀರು ಗದ್ದೆಗೆ ನುಗ್ಗುವುದು. ನಾವು ಮಾತ್ರೆಗಳ ಕಥೆಯನ್ನು ಹೇಳಿದಾಗ ಅವರು, “ಹ್ವಾಯ್ ಮಾಷ್ಟ್ರೆ, ಕಟ್ಟ ಕಟ್ದೆ ಬರೀ ನೀರ್ ತೆಗ್ದ್ರೆ ಎಂತ ಆತ್ತ್?” ಎಂದರು. ಶಸ್ತ್ರವೈದ್ಯಶಾಸ್ತ್ರದ ಸಾರವೇ ಈ ಒಂದು ಮಾತಿನಲ್ಲಿದೆಯೆಂದು ನಮಗೆ ಮುಂದೆ ತಿಳಿಯಿತು. ಕರುಳಿನೊಳಗಣ ಒತ್ತಡವು ಮೂತ್ರಾಶಯದ ಒತ್ತಡಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಆದುದರಿಂದ ಮೂತ್ರವು ಕರುಳಿಗೆ ಹೋಗುವುದಕ್ಕಿಂತ ಹೆಚ್ಚಾಗಿ, ಕರುಳಿನ ಗಾಳಿಯೂ ಮಲವೂ ಮೂತ್ರಾಶಯಕ್ಕೆ ನುಗ್ಗುವುವು. ಮಾತ್ರೆಗಳು ಗದ್ದೆಯ ನೀರನ್ನು ಹೊರಗೆ ಚೆಲ್ಲುವುವು. ಕಂಡಿಯು ಇದ್ದಂತೆಯೇ ಇರುವುದು.

ಕಂಡಿ ಇರುವುದು ನಿಜವೇ ಎಂದು ತಿಳಿಯಲು ಕುಂದಾಪುರದ ವೈದ್ಯರು ಒಂದು ಅಗ್ಗದ ಪರೀಕ್ಷೆಯನ್ನು ಹೇಳಿದರು. ಐವತ್ತು ಗ್ರಾಂ ಗಸಗಸೆಯನ್ನು ತಿಂದು, ಮುಂದಿನ ಎರಡು ದಿನಗಳ ಮೂತ್ರವನ್ನು ಸೋಸಿ ನೋಡಬೇಕು. ಗಸಗಸೆಯು ಜೀರ್ಣವಾಗದೆ ಕರುಳಿನಲ್ಲಿ ಇಳಿಯುವುದು; ಅದು ಮೂತ್ರದಲ್ಲಿ ಕಂಡರೆ ದಾರಿಯುಂಟೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮನೆಯವರು ಇದನ್ನು ಕೇಳಿದೊಡನೆ, “ಪಾಯಸ ಮಾಡಲೇ?” ಎಂದರು. ವೈದ್ಯರು ನಕ್ಕು, “ಪಾಯಸಕ್ಕೆ ಅರೆಯುತ್ತೀರಿ ಅಮ್ಮ. ಅರೆದರೆ ಸಾಕ್ಷಿ ಸತ್ತ ಹಾಗೆ. ಇಡಿಯ ಕಾಳನ್ನು ಮೊಸರಿನಲ್ಲಿ ಕಲಸಿ ಕೊಡಿ” ಎಂದರು. ನಮ್ಮ ಕಡೆಯ ಗಸಗಸೆ ಬಿಳಿದು. ಬಿಳಿಯ ಬಟ್ಟೆಯಲ್ಲಿ ಕಾಣದು. ಹಳೆಯ ಕೊಡೆಯ ಕರಿಯ ಬಟ್ಟೆಯನ್ನು ಕತ್ತರಿಸಿ ಸೋಸಿದೆವು. ಮಾರನೆಯ ದಿನ ಮಧ್ಯಾಹ್ನಕ್ಕೆ ಹನ್ನೊಂದು ಕಾಳುಗಳು ಆ ಕರಿಯ ಬಟ್ಟೆಯ ಮೇಲೆ ನಕ್ಷತ್ರಗಳಂತೆ ಕುಳಿತಿದ್ದವು. ಈ ಪರೀಕ್ಷೆಯು ದಾರಿಯುಂಟೆಂದು ಹೇಳುವುದಲ್ಲದೆ, ಅದು ಎಲ್ಲಿ, ಏತರಿಂದ ಎಂಬುದನ್ನು ಹೇಳದು. ಅದಕ್ಕಾಗಿ ದೊಡ್ಡ ಆಸ್ಪತ್ರೆಗೆ ಹೋಗಬೇಕಾಯಿತು.

೧೯೫೩ರಲ್ಲಿ ಮಣಿಪಾಲದಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಂದಿನಿಂದ ನಮ್ಮ ಕರಾವಳಿಯವರಿಗೆ ದೊಡ್ಡ ಚಿಕಿತ್ಸೆಯೆಂದರೆ ಮದರಾಸಿಗೋ ಮುಂಬಯಿಗೋ ಹೋಗಬೇಕೆಂಬ ಕಷ್ಟವು ತಪ್ಪಿತು. ಉಡುಪಿ, ಮಂಗಳೂರುಗಳಲ್ಲಿ ಈಗ ಅಂಥ ಆಸ್ಪತ್ರೆಗಳು ಹಲವು. ಅವುಗಳಲ್ಲೊಂದಕ್ಕೆ ನಾವು ಹೋದೆವು. ಮೊದಲು ಸಿ.ಟಿ. ಸ್ಕ್ಯಾನ್ ಆಯಿತು. ಕರುಳಿನಲ್ಲಿ ಬಣ್ಣದ ದ್ರವವನ್ನು ತುಂಬಿ ತೆಗೆದ ಆ ಚಿತ್ರದಲ್ಲಿ ಮೂತ್ರಾಶಯದೊಳಗೆ ಗಾಳಿಯು ನಿಂತಿರುವುದೂ, ಅದರ ಎಡಮೇಲ್ಭಾಗದ ಗೋಡೆಯು ದಪ್ಪವಾಗಿ ಪಕ್ಕದ ಕರುಳಿಗೆ ಅಂಟಿರುವುದೂ ಕಂಡಿತು. ಅನಂತರ ದುರ್ಬೀನಿನ ನಳಿಗೆಯಿಂದ ಮೂತ್ರಾಶಯದ ಒಳಗನ್ನು ನೋಡಿದರು. ಅಲ್ಲಿ ಕೆಂಪಾಗಿ ಊದಿದ ಒಂದು ತಾಣ ಕಂಡಿತಲ್ಲದೆ ಕಂಡಿಯು ಕಾಣಲಿಲ್ಲ. ಅನೇಕರಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲವಂತೆ. ಕೊನೆಗೆ ಕೊಲೊನೋಸ್ಕೋಪಿ ಎಂಬ ಪರೀಕ್ಷೆಯಿಂದ ದೊಡ್ಡ ಕರುಳನ್ನು ಪೂರ್ತಿಯಾಗಿ ನೋಡಿ, ಸಂಶಯ ಬಂದ ಕಡೆಯಿಂದ ಚೂರನ್ನು ತೆಗೆದು ಕಳುಹಿಸಿದರು.

ಈ ಕೊನೆಯ ಪರೀಕ್ಷೆ ಏತಕ್ಕೆಂದು ಕೇಳಿದಾಗ ಶಸ್ತ್ರವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಇಂಥ ಕಂಡಿಗೆ ಕಾರಣಗಳು ಮುಖ್ಯವಾಗಿ ಮೂರು. ಕರುಳಿನ ಗೋಡೆಯಲ್ಲಿ, ರಕ್ತನಾಳಗಳು ಹೊಕ್ಕ ದುರ್ಬಲ ತಾಣಗಳಲ್ಲಿ, ಸಣ್ಣ ಚೀಲಗಳಂತೆ ಹೊರಕ್ಕೆ ಉಬ್ಬುವುದುಂಟು. ಇವನ್ನು ಡೈವರ್ಟಿಕ್ಯುಲಾ ಎನ್ನುವರು. ಅವುಗಳಲ್ಲೊಂದು ಬಾತು, ಕೀವುಗೂಡಿ, ಪಕ್ಕದ ಮೂತ್ರಾಶಯಕ್ಕೆ ಅಂಟಿ ಒಡೆದರೆ ದಾರಿಯಾಗುವುದು. ಪಾಶ್ಚಾತ್ಯ ದೇಶಗಳ ವರದಿಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಇದೇ ಕಾರಣ. ಎರಡನೆಯದು ಕರುಳಿನ ಕ್ಯಾನ್ಸರ್. ಮೂರನೆಯದು ಕ್ರೋನ್ ಎಂಬ, ಕರುಳು ಬಹುಕಾಲ ಬಾತಿರುವ ರೋಗ. ಇವಲ್ಲದೆ ಕೆಳಹೊಟ್ಟೆಗೆ ವಿಕಿರಣ ಚಿಕಿತ್ಸೆಯನ್ನು ಪಡೆದವರಲ್ಲಿಯೂ, ಪೆಟ್ಟು ಬಿದ್ದವರಲ್ಲಿಯೂ ಆಗಬಹುದು. ಗಂಡಸರಲ್ಲಿ ಇದು ಹೆಂಗಸರಿಗಿಂತ ಎರಡು ಮೂರು ಪಾಲು ಹೆಚ್ಚು. ಹೆಂಗಸರಲ್ಲಿ ಕರುಳಿಗೂ ಮೂತ್ರಾಶಯಕ್ಕೂ ನಡುವೆ ಗರ್ಭಕೋಶವು ಅಡ್ಡಗೋಡೆಯಾಗಿ ನಿಂತಿರುವುದೇ ಅದಕ್ಕೆ ಕಾರಣ. ಗರ್ಭಕೋಶವನ್ನು ತೆಗೆಸಿಕೊಂಡವರಿಗೆ ಆ ರಕ್ಷಣೆ ಇಲ್ಲ. ಕಷ್ಟದ ಹೆರಿಗೆಯಿಂದ ಹೆಂಗಸರಲ್ಲಿ ಆಗುವ, ಮೂತ್ರವು ಸದಾ ಸೋರುವ ಕಂಡಿಯು ಬೇರೆಯ ಜಾತಿಯದು. ಅದಕ್ಕೆ ಚಿಕಿತ್ಸೆಯೂ ಬೇರೆ.

ಚೂರಿನ ಪರೀಕ್ಷೆಯ ಫಲಿತಾಂಶ ಬರಲು ಎಂಟು ದಿನ ಹಿಡಿಯಿತು. ಆ ಎಂಟು ದಿನಗಳಲ್ಲಿ ನಾವು ಹಳೆಯ ಪುಸ್ತಕಗಳನ್ನು ತೆಗೆದೆವು. ನಿದ್ರೆ ಬಾರದವನಿಗೆ ಪುಸ್ತಕವೇ ಗತಿ. ಸುಶ್ರುತರು ಭಗಂದರವೆಂಬ ಹೆಸರಿಗೆ ಕಾರಣವನ್ನು ಹೇಳುವಾಗ, ಗುದ ಮತ್ತು ಬಸ್ತಿ ಪ್ರದೇಶಗಳನ್ನು ಸೀಳುವುದರಿಂದ ಆ ಹೆಸರೆಂದು ವಿವರಿಸಿರುವರು. ಬಸ್ತಿಯೆಂದರೆ ಮೂತ್ರಾಶಯ. ಶತಪೋನಕವೆಂಬ, ಜರಡಿಯಂತೆ ತೂತುಗಳುಳ್ಳ ಬಗೆಯನ್ನು ಉಪೇಕ್ಷಿಸಿದರೆ ಆ ತೂತುಗಳಿಂದ ವಾತವೂ ಮೂತ್ರವೂ ಮಲವೂ ಹೊರಡುವುವೆಂದೂ ಬರೆದಿರುವರು. ಅದು ನಮ್ಮ ರೋಗವೇ ಅಲ್ಲ. ಆದರೆ ದಾರಿಗಳು ಒಂದರೊಡನೊಂದು ಬೆರೆತರೆ ಏನಾಗುವುದೆಂಬುದನ್ನು ಅವರು ಕಂಡಿದ್ದರು, ಕಂಡುದನ್ನು ನಾಚದೆ ಬರೆದರು. ಹೊಟ್ಟೆಯನ್ನು ಸೀಳಿ ತೂತುಬಿದ್ದ ಕರುಳನ್ನು ಹೊರತೆಗೆದು, ಕರಿಯ ಇರುವೆಗಳಿಂದ ಕಚ್ಚಿಸಿ, ಅವುಗಳ ತಲೆಗಳೇ ಹೊಲಿಗೆಯಾಗುವಂತೆ ದೇಹವನ್ನು ಕತ್ತರಿಸುವ ಕ್ರಮವನ್ನೂ ಹೇಳಿರುವರು. ಲಂಡನ್ನಿನ ಹ್ಯಾರಿಸನ್ ಕ್ರಿಪ್ಸ್ ಎಂಬ ಶಸ್ತ್ರವೈದ್ಯರು ಮೂತ್ರದ್ವಾರದಿಂದ ಗಾಳಿಯೂ ಮಲವೂ ಬರುವುದನ್ನು ಕುರಿತೇ ೧೮೮೮ರಲ್ಲಿ ಬರೆದರು. ಇವರೆಲ್ಲರೂ ಬರೆದ ಮಾತನ್ನು ನಾವು ಒಬ್ಬ ವೈದ್ಯರ ಕಿವಿಯಲ್ಲಿ ಹೇಳಲಾರದೆ ಹೋದೆವಲ್ಲ ಎಂದು ಆ ರಾತ್ರಿಗಳಲ್ಲಿ ನಮಗೆ ನಾಚಿಕೆಯಾಯಿತು. ಈ ಸಲದ ನಾಚಿಕೆಯು ಹಿಂದಿನದರಂತಲ್ಲ.

ಫಲಿತಾಂಶ ಬಂದಿತು. ಕ್ಯಾನ್ಸರ್ ಇರಲಿಲ್ಲ. ಚೀಲಗಳ ಕಾಯಿಲೆ, ಜೊತೆಗೆ ಕರುಳಿಗೂ ಮೂತ್ರಾಶಯಕ್ಕೂ ನಡುವೆ ಸಣ್ಣದೊಂದು ಕೀವಿನ ಗಂಟು. ಆಗ ಶಸ್ತ್ರವೈದ್ಯರು, ನಮ್ಮ ಮಗನ ವಯಸ್ಸಿನವರು, ಒಂದು ಕಾಗದದ ಮೇಲೆ ಚಿತ್ರ ಬರೆದು ಮುಂದಿರುವ ದಾರಿಗಳನ್ನು ವಿವರಿಸಿದರು. ಅವನ್ನು ವಾಚಕರಿಗಾಗಿ ಇಲ್ಲಿ ಕ್ರಮವಾಗಿ ಕೊಡುವೆವು.

ಮೊದಲನೆಯದು, ಶಸ್ತ್ರವಿಲ್ಲದ ದಾರಿ. ಆಂಟಿಬಯೋಟಿಕ್‌ಗಳಿಂದ ಸೋಂಕನ್ನು ಹತೋಟಿಯಲ್ಲಿಟ್ಟು, ಬೇಕಾದಾಗ ಮೂತ್ರಕ್ಕೆ ಕೊಳವೆ ಹಾಕಿ ದಿನಗಳೆಯುವುದು. ವೃದ್ಧಾಪ್ಯದಿಂದಲೋ ಹೃದಯದ ಕಾಯಿಲೆಯಿಂದಲೋ ಶಸ್ತ್ರಕ್ರಿಯೆಯನ್ನು ತಡೆಯಲಾರದವರಿಗೆ ಇದು ಉಚಿತ. ಚೀಲದ ಕಾಯಿಲೆಯಿಂದಾದ ಕಂಡಿಯು ತಾನಾಗಿ ಮುಚ್ಚುವುದು ಅಪರೂಪ. ಸೋಂಕು ಮೂತ್ರಪಿಂಡಕ್ಕೂ ರಕ್ತಕ್ಕೂ ಏರುವ ಭಯ ಸದಾ ಇರುವುದು. ಕ್ರೋನ್ ರೋಗದಲ್ಲಿ ಮಾತ್ರ ಆ ರೋಗದ ಬಾವನ್ನು ತಗ್ಗಿಸುವ ಹೊಸ ಔಷಧಗಳಿಂದ ಕೆಲವರ ಕಂಡಿ ಮುಚ್ಚುವುದುಂಟು; ಹಲವರಿಗೆ ಕೊನೆಗೆ ಶಸ್ತ್ರವೇ ಬೇಕಾಗುವುದು.

ಎರಡನೆಯದು, ಒಂದೇ ಸಲಕ್ಕೆ ಮುಗಿಯುವ ಶಸ್ತ್ರಕ್ರಿಯೆ. ಅಂಟಿಕೊಂಡ ಕರುಳನ್ನು ಮೂತ್ರಾಶಯದಿಂದ ಬಿಡಿಸಿ, ಚೀಲಗಳುಳ್ಳ ಭಾಗವನ್ನು ಕತ್ತರಿಸಿ ತೆಗೆದು, ಒಳ್ಳೆಯ ತುದಿಗಳೆರಡನ್ನು ಅಲ್ಲಿಯೇ ಜೋಡಿಸುವುದು. ಈಗ ಇದನ್ನು ಅನೇಕ ಕಡೆ ಸಣ್ಣ ತೂತುಗಳ ಮೂಲಕ, ಲ್ಯಾಪರೋಸ್ಕೋಪಿಯಿಂದಲೇ ಮಾಡುವರು. ಆರೋಗ್ಯವು ತಕ್ಕಮಟ್ಟಿಗಿದ್ದು, ಒಳಗೆ ಕೀವು ಹರಡಿರದಿದ್ದರೆ ಇದೇ ಉತ್ತಮವಾದ ದಾರಿ. ಮೂತ್ರಾಶಯದ ತೂತು ಬಹುಮಟ್ಟಿಗೆ ಸಣ್ಣದು. ದೊಡ್ಡದಾದರೆ ಹೊಲಿಯುವರು, ತೀರ ಸಣ್ಣದಾದರೆ ಹೊಲಿಯದೆ, ಒಂದೆರಡು ವಾರ ಕೊಳವೆಯಿಂದ ಮೂತ್ರವನ್ನು ಹೊರಗೆ ಬಿಟ್ಟರೆ ತಾನೇ ಮಾಯುವುದು. ಕೇಡು ಕರುಳಿನದು, ಮೂತ್ರಾಶಯವು ನಿರಪರಾಧಿ. ಏಡಿಯು ಹೊಳೆಯ ಕಡೆಯಲ್ಲಿದ್ದರೆ ಗದ್ದೆಯ ಕಡೆಯಿಂದ ಮೆತ್ತಿ ಏನು ಫಲ? ಕೊನೆಗೆ ಹೊಟ್ಟೆಯೊಳಗಿನ ಕೊಬ್ಬಿನ ಪರದೆಯೊಂದನ್ನು ಎಳೆದು ತಂದು ಎರಡರ ನಡುವೆ ಹಾಸುವರು. ಆ ಪರದೆಗೆ ವಪೆಯೆಂದು ಹೆಸರು. ಯಜ್ಞಪ್ರಕರಣಗಳಲ್ಲಿ ಆ ಶಬ್ದವನ್ನು ಎಷ್ಟು ಸಲ ಓದಿದ್ದೆವೋ. ಅದು ನಮ್ಮ ಹೊಟ್ಟೆಯಲ್ಲಿಯೂ ಇದ್ದು ಒಂದು ದಿನ ನಮ್ಮ ಪಾಲಿಗೆ ಕಟ್ಟವಾಗುವುದೆಂದು ನೆನೆದಿರಲಿಲ್ಲ.

ಮೂರನೆಯದು, ಎರಡು ಸಲಕ್ಕೆ ಮಾಡುವುದು. ಒಳಗೆ ಕೀವು, ಬಾವು ಹೆಚ್ಚಾಗಿದ್ದರೆ ಹೊಸ ಜೋಡಣೆಯು ಬಿಚ್ಚಿಕೊಳ್ಳುವ ಅಪಾಯವುಂಟು. ಆಗ ಜೋಡಣೆಯನ್ನು ಮಾಡಿ, ಅದು ಮಾಯುವತನಕ ಸಣ್ಣ ಕರುಳಿನ ಒಂದು ಬಾಗನ್ನು ಹೊಟ್ಟೆಯ ಮೇಲಕ್ಕೆ ತಂದು ಅಲ್ಲೊಂದು ತಾತ್ಕಾಲಿಕ ಬಾಯನ್ನು ಮಾಡುವರು. ಅಥವಾ ಜೋಡಿಸದೆಯೇ ದೊಡ್ಡ ಕರುಳಿನ ಮೇಲ್ತುದಿಯನ್ನು ಹೊರಕ್ಕೆ ತರುವರು. ಈ ಕೊನೆಯ ಕ್ರಮವನ್ನು ಫ್ರಾನ್ಸಿನ ಆಂರಿ ಹಾರ್ಟ್‌ಮನ್ ಎಂಬವರು ೧೯೨೧ರಲ್ಲಿ ವಿವರಿಸಿದುದರಿಂದ ಅವರ ಹೆಸರೇ ಅದಕ್ಕೆ ನಿಂತಿದೆ. ಮಲವು ಆ ಬಾಯಿಯಿಂದ ಹೊರಗೆ ಅಂಟಿಸಿದ ಚೀಲಕ್ಕೆ ಬರುವುದು. ಕೆಲವು ತಿಂಗಳ ಮೇಲೆ ಇನ್ನೊಂದು ಶಸ್ತ್ರಕ್ರಿಯೆಯಿಂದ ಅದನ್ನು ಒಳಗೆ ಸೇರಿಸುವರು. ಹಿಂದಿನ ಕಾಲದಲ್ಲಿ ಮೂರು ಸಲಕ್ಕೆ ಮಾಡುತ್ತಿದ್ದುದೂ ಉಂಟು. ಈಗ ಅದರ ಅಗತ್ಯ ಬಹಳ ಕಡಿಮೆ.

ನಾಲ್ಕನೆಯದು, ಕಂಡಿಯನ್ನು ಮುಟ್ಟದೆ, ಅದಕ್ಕಿಂತ ಮೇಲೆಯೇ ಕರುಳನ್ನು ಹೊರಕ್ಕೆ ತಿರುಗಿಸಿಬಿಡುವುದು. ಬಲಿತ ಕ್ಯಾನ್ಸರಿನವರಿಗೆ, ವಿಕಿರಣದಿಂದ ಅಂಗಗಳು ಗಟ್ಟಿಯಾದವರಿಗೆ, ದೊಡ್ಡ ಶಸ್ತ್ರಕ್ರಿಯೆಗೆ ಶಕ್ತಿಯಿಲ್ಲದವರಿಗೆ ಇದರಿಂದ ನೆಮ್ಮದಿ ಸಿಗುವುದು. ಕಂಡಿಯು ಗುಣವಾಗುವುದೆಂಬ ಭರವಸೆಯಿಲ್ಲ. ಕ್ಯಾನ್ಸರನ್ನು ಗುಣಪಡಿಸುವಂತಿದ್ದರೆ ಮಾತ್ರ ಕರುಳನ್ನೂ ಅದಕ್ಕೆ ಅಂಟಿದ ಮೂತ್ರಾಶಯದ ಭಾಗವನ್ನೂ ಬಿಡಿಸದೆ ಒಟ್ಟಾಗಿಯೇ ತೆಗೆಯಬೇಕು.

ನಮ್ಮ ಬಾಲ್ಯಸ್ನೇಹಿತರೊಬ್ಬರು ಆಯುರ್ವೇದ ವೈದ್ಯರು. ಕ್ಷಾರಸೂತ್ರದಿಂದ ಇದು ಆಗದೇ ಎಂದು ಅವರನ್ನು ಆಸೆಯಿಂದ ಕೇಳಿದೆವು. ಅವರು ತಲೆಯಾಡಿಸಿ, “ಅದು ಗುದದ ಬಳಿಯ ಭಗಂದರಕ್ಕೆ ಒಳ್ಳೆಯದು, ನೂಲು ಒಂದು ಬಾಯಿಯಿಂದ ಹೊಕ್ಕು ಇನ್ನೊಂದರಿಂದ ಹೊರಬರಬೇಕು. ಹೊಟ್ಟೆಯೊಳಗಿನ ದಾರಿಗೆ ಯಾರು ನೂಲು ಹಾಕುವರು? ಸುಮ್ಮನೆ ಶಸ್ತ್ರಕ್ಕೆ ಹೋಗು. ಹೊಟ್ಟೆ ಸೀಳಬೇಕಾದಲ್ಲಿ ಸೀಳು ಎಂದೇ ಸುಶ್ರುತರೂ ಹೇಳಿದ್ದು” ಎಂದರು. ತನ್ನ ಶಾಸ್ತ್ರದ ಎಲ್ಲೆಯನ್ನು ಬಲ್ಲವನೇ ನಿಜವಾದ ಶಾಸ್ತ್ರಜ್ಞ.

ಶಸ್ತ್ರವೈದ್ಯರು, “ಎರಡನೆಯ ದಾರಿಯಲ್ಲಿ ಹೊರಡುವೆವು, ಒಳಗೆ ನೋಡಿದ ಮೇಲೆ ಮೂರನೆಯದು ಬೇಕಾದರೂ ಆಗಬಹುದು. ಹೊಟ್ಟೆಯ ಮೇಲೆ ಚೀಲಕ್ಕೆ ನಿಮ್ಮ ಒಪ್ಪಿಗೆ ಬೇಕು” ಎಂದು ಕಾಗದವನ್ನು ಮುಂದಿಟ್ಟರು. ನಮ್ಮ ಕೈ ಏಳಲಿಲ್ಲ. ಸಾವಿಗೆ ನಾವು ಅಷ್ಟೊಂದು ಹೆದರಿರಲಿಲ್ಲ. ಆ ಚೀಲಕ್ಕೆ ಹೆದರಿದೆವು. ಮಲವನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು ಸಂಧ್ಯಾವಂದನೆಯೇ? ದೇವರ ಕೋಣೆಯೇ? ಅದಕ್ಕಿಂತ ಮಾತ್ರೆಗಳನ್ನು ನುಂಗುತ್ತ ಇದ್ದಷ್ಟು ದಿನ ಇರುವೆವೆಂದು ಹೇಳಿ ಬಸರೂರಿಗೆ ಮರಳಿದೆವು. ಎರಡು ದಿನ ಮನೆಯವರು ಮಾತನಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಬಡಿಸುತ್ತ, “ಒಂದು ಕೇಳುತ್ತೇನೆ, ಸಿಟ್ಟು ಮಾಡಬೇಡಿ. ಇಷ್ಟು ವರುಷ ಅದು ಹೊಟ್ಟೆಯ ಒಳಗೆ ಇತ್ತಲ್ಲ. ಅದನ್ನು ಹೊತ್ತುಕೊಂಡೇ ಅಲ್ಲವೇ ನೀವು ದೇವರ ಕೋಣೆಗೆ ಹೋಗುತ್ತಿದ್ದದ್ದು? ನಾಲ್ಕು ಬೆರಳು ಹೊರಗೆ ಬಂದರೆ ಮೈಲಿಗೆ, ಒಳಗಿದ್ದರೆ ಮಡಿ ಎಂದು ಯಾವ ಪುಸ್ತಕದಲ್ಲಿದೆ?” ಎಂದರು. ನಮಗೆ ತಿಳಿದಿರುವ ಯಾವ ಪುಸ್ತಕದಲ್ಲಿಯೂ ಇದಕ್ಕೆ ಉತ್ತರವಿರಲಿಲ್ಲ. ಮಾರನೆಯ ದಿನವೇ ಹೋಗಿ ರುಜು ಹಾಕಿದೆವು.

೨೦೨೪ರ ಫೆಬ್ರವರಿಯಲ್ಲಿ ಶಸ್ತ್ರಕ್ರಿಯೆಯಾಯಿತು. ಎಚ್ಚರವಾದಾಗ ಮೊದಲು ಮಾಡಿದ ಕೆಲಸವೆಂದರೆ ಕೈಯನ್ನು ಹೊಟ್ಟೆಯ ಮೇಲೆ ಆಡಿಸಿದುದು. ಬಲಗಡೆಯಲ್ಲಿ ಚೀಲವಿದ್ದಿತು. ಕೀವಿನ ಗಂಟು ಎಣಿಸಿದುದಕ್ಕಿಂತ ದೊಡ್ಡದಾಗಿದ್ದಿತಂತೆ. ಹೊಸ ಜೋಡಣೆಯ ರಕ್ಷಣೆಗಾಗಿ ಸಣ್ಣ ಕರುಳಿಗೆ ತಾತ್ಕಾಲಿಕ ಬಾಯಿಯನ್ನು ಮಾಡಿದ್ದರು. ಏಳು ತಿಂಗಳು ಮೊದಲೇ ಬಂದಿದ್ದರೆ ಬಹುಶಃ ಇದು ಬೇಕಾಗುತ್ತಿರಲಿಲ್ಲವೇ ಎಂದು ನಾವು ಕೇಳಿದೆವು. ವೈದ್ಯರು ದಾಕ್ಷಿಣ್ಯಕ್ಕೆ, “ಹಾಗೆ ಹೇಳಲಾಗುವುದಿಲ್ಲ ಮಾಸ್ಟ್ರೇ” ಎಂದರು. ಅವರ ಮುಖವು ಬೇರೆಯ ಉತ್ತರವನ್ನು ಹೇಳಿತು. ಹತ್ತನೆಯ ದಿನ ಮೂತ್ರಾಶಯಕ್ಕೆ ಬಣ್ಣವನ್ನು ತುಂಬಿ ಎಕ್ಸ್‌ರೇ ತೆಗೆದು, ಎಲ್ಲಿಯೂ ಸೋರುವುದಿಲ್ಲವೆಂದು ಕಂಡ ಮೇಲೆ ಕೊಳವೆಯನ್ನು ತೆಗೆದರು. ಅಂದು ಬಂದ ಮೂತ್ರದಲ್ಲಿ ಗಾಳಿಯಿರಲಿಲ್ಲ, ಉರಿಯಿರಲಿಲ್ಲ. ಶುದ್ಧವಾದ ಮೂತ್ರವನ್ನು ಕಂಡು ಕಣ್ಣು ತುಂಬಿಸಿಕೊಂಡ ಗೃಹಸ್ಥರು ಲೋಕದಲ್ಲಿ ಹೆಚ್ಚು ಮಂದಿ ಇರಲಾರರು.

ಚೀಲದೊಡನೆ ನಾವು ಮೂರು ತಿಂಗಳು ಬಾಳಿದೆವು. ದಾದಿಯೊಬ್ಬರು ಅದನ್ನು ಬರಿದುಮಾಡುವುದನ್ನೂ, ಬಾಯಿಯ ಸುತ್ತಣ ಚರ್ಮವನ್ನು ತೊಳೆದು ಒರಸುವುದನ್ನೂ, ಅಳತೆಗೆ ಸರಿಯಾಗಿ ಅಂಟಿಸುವುದನ್ನೂ ನಮಗೂ ಮನೆಯವರಿಗೂ ಕಲಿಸಿದರು. ಸಣ್ಣ ಕರುಳಿನಿಂದ ನೀರು ಹೆಚ್ಚಾಗಿ ಹೋಗುವುದರಿಂದ ಉಪ್ಪು ಬೆರೆಸಿದ ಗಂಜಿಯನ್ನೂ ವೈದ್ಯರು ಹೇಳಿದ ಓ.ಆರ್.ಎಸ್. ನೀರನ್ನೂ ತಪ್ಪದೆ ಕುಡಿಯಬೇಕಾಗಿದ್ದಿತು. ಸೆಕೆಯ ದಿನಗಳಲ್ಲಿ ಒಮ್ಮೆ ಅದನ್ನು ಮರೆತು ತಲೆ ತಿರುಗಿ ಬಿದ್ದೆವು. ಸರಿಯಾಗಿ ಅಂಟಿಸಿದರೆ ವಾಸನೆಯಿಲ್ಲ. ಅಂಗಿ ಹಾಕಿದರೆ ಯಾರಿಗೂ ತಿಳಿಯದು. ಯುಗಾದಿಯ ಬೆಳಿಗ್ಗೆ ಮಿಂದು, ದೇವರ ಕೋಣೆಯ ಹೊಸ್ತಿಲ ಬಳಿ ನಿಂತೆವು. ಒಳಗಿನಿಂದ ಮನೆಯವರು, “ಹೂ ಬಾಡುತ್ತದೆ, ಬನ್ನಿ” ಎಂದರು. ಹೋದೆವು. ಮೇ ತಿಂಗಳ ಕೊನೆಯಲ್ಲಿ ಕರುಳನ್ನು ಒಳಗೆ ಸೇರಿಸಿದರು. ಅಂದಿನಿಂದ ಇಂದಿನವರೆಗೆ ಸುಖವಾಗಿರುವೆವು.

ಇಷ್ಟನ್ನು ಬರೆದುದರ ಫಲವಾಗಿ ಗೃಹಸ್ಥರಾದ ವಾಚಕರು ಕೆಲವು ಮಾತುಗಳನ್ನು ನೆನಪಿನಲ್ಲಿಡುವುದಾದರೆ ನಮ್ಮ ಶ್ರಮ ಸಾರ್ಥಕ. ಮೂತ್ರದ ಸೋಂಕು ಗುಣವಾಗಿ ಗುಣವಾಗಿ ಮರಳುತ್ತಿದ್ದರೆ, ಅದೂ ಗಂಡಸರಲ್ಲಿ, ಮಾತ್ರೆಯಷ್ಟರಿಂದ ತೃಪ್ತರಾಗದೆ ಕಾರಣವನ್ನು ಹುಡುಕಿಸಬೇಕು. ಮೂತ್ರದಲ್ಲಿ ಗಾಳಿ ಬಂದರೆ ಆ ಮಾತನ್ನು ಮೊದಲ ದಿನವೇ ವೈದ್ಯರಿಗೆ ಹೇಳಬೇಕು. ಚಳಿನಡುಕದ ಜ್ವರ ಬಂದರೆ ಒಂದು ರಾತ್ರಿಯೂ ಕಾಯಬಾರದು. ಕಾರಣವು ಕ್ಯಾನ್ಸರ್ ಅಲ್ಲವೆಂದು ಖಚಿತವಾಗುವ ಮುನ್ನ ಯಾವ ದಾರಿಯನ್ನೂ ಆರಿಸಬಾರದು. ಹಣದ ಚಿಂತೆಯಿಂದ ಹಿಂಜರಿಯುವವರು ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯನ್ನು ಸರಕಾರೀ ಆಸ್ಪತ್ರೆಯಲ್ಲಿ ವಿಚಾರಿಸಬೇಕು, ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಅದರಲ್ಲಿ ವರುಷಕ್ಕೆ ೫ ಲಕ್ಷ ರೂಪಾಯಿಯವರೆಗೆ ನೆರವುಂಟು. ಹಾಗೆಯೇ, ಹೆಂಡತಿಯಿಂದ ರೋಗವನ್ನು ಮುಚ್ಚಿಡಲಾಗುವುದೆಂದು ಯಾರೂ ನಂಬಬಾರದು.

ಈಗ ನಾವು ಈ ಕಾಯಿಲೆಯನ್ನು ಜಗಲಿಯ ಮೇಲೆಯೇ ಹೇಳುವೆವು. ಮೊದಮೊದಲು ಕೇಳಿದವರು ಮುಖ ತಿರುಗಿಸಿ ಅಡಿಕೆಯ ಧಾರಣೆಯ ಮಾತೆತ್ತುತ್ತಿದ್ದರು. ಆದರೆ ಸಂಜೆ ಕತ್ತಲಾದ ಮೇಲೆ ಅವರಲ್ಲಿ ಇಬ್ಬರು ಒಬ್ಬೊಬ್ಬರಾಗಿ ಮರಳಿ ಬಂದು, ತಗ್ಗಿದ ದನಿಯಲ್ಲಿ, ತಮಗೂ ಮೂತ್ರದ ತೊಂದರೆಯುಂಟೆಂದರು. ಒಬ್ಬರದು ಬರಿಯ ಕಲ್ಲೆಂದು ತಿಳಿಯಿತು. ಇನ್ನೊಬ್ಬರು ನಾಳೆ ಕುಂದಾಪುರಕ್ಕೆ ಹೊರಡುವರು. ಜೊತೆಗೆ ನಾವೂ ಹೋಗುವೆವು. ವೈದ್ಯರ ಮುಂದೆ ಅವರಿಗೆ ಬಾಯಿ ಬಾರದಿದ್ದರೆ ಹೇಳುವುದಕ್ಕೆ ಒಬ್ಬರು ಬೇಕಲ್ಲವೆ?